ಓದಲು ಹೊರಟ ಮಕ್ಕಳಿಗೆ ಎಷ್ಟು ಕೊಡಬೇಕು?



ಪಿಯುಸಿ ಫಲಿತಾಂಶ ಬಂದು, ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಲ್ಲಿ ಸಂತೋಷವೂ ಭಯವೂ ಒಟ್ಟಿಗೆ ಬಂದು ಕೂರುತ್ತವೆ. ಮಗಳಿಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿರುತ್ತದೆ. ಮಗನಿಗೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿರುತ್ತದೆ. ನೆರೆಹೊರೆಯವರು ಬಂದು ಸಿಹಿ ತಿಂದು, ಹರಸಿ ಹೋಗುತ್ತಾರೆ. ಅವರು ಹೋದ ಮೇಲೆ ತಂದೆತಾಯಿ ಅಡುಗೆಮನೆಯಲ್ಲಿ ಕುಳಿತು ಲೆಕ್ಕ ಹಾಕುತ್ತಾರೆ: ಕಾಲೇಜಿಗೆ ಎಷ್ಟು, ಹಾಸ್ಟೆಲ್ಲಿಗೆ ಎಷ್ಟು, ಮೆಸ್ಸಿಗೆ ಎಷ್ಟು, ಪುಸ್ತಕಕ್ಕೆ, ಬಸ್ಸಿಗೆ, ಕೈಖರ್ಚಿಗೆ ಎಷ್ಟು? ಈ ಲೆಕ್ಕವೆಲ್ಲ ನಡೆಯುವುದು ತಗ್ಗಿದ ದನಿಯಲ್ಲಿ. ಏಕೆಂದರೆ ಪಕ್ಕದ ಕೋಣೆಯಲ್ಲಿರುವ ಮಗುವಿಗೆ ಅದು ಕೇಳಿಸಬಾರದು!

ಆ ತಗ್ಗಿದ ದನಿಯ ಬಗ್ಗೆಯೇ ಈ ವಾರ ತಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

"ಓದುವ ಮಕ್ಕಳಿಗೆ ನಾವು ಎಷ್ಟು ಕೊಡಬೇಕು?" ಎಂದು ತಂದೆತಾಯಿ ಕೇಳುತ್ತಾರೆ. ಒಂದು ಮನೆಯಲ್ಲಿ ತಂದೆ ಯಾರಿಗೂ ಹೇಳದೆ ಕೈಸಾಲ ಮಾಡುತ್ತಾನೆ, ತಾಯಿ ಕಿವಿಯೋಲೆ ಅಡವಿಡುತ್ತಾಳೆ, ಮಗ ಕೇಳಿದಷ್ಟೂ ಹೋಗುತ್ತಲೇ ಇರುತ್ತದೆ. ಇನ್ನೊಂದು ಮನೆಯಲ್ಲಿ ಪ್ರತಿ ರೂಪಾಯಿಗೂ ಒಂದು ಮಾತು ಸೇರಿಸಿ ಕೊಡುತ್ತಾರೆ: "ನಿನಗಾಗಿ ನಾವು ರಕ್ತ ಸುರಿಸುತ್ತಿದ್ದೇವೆ, ನೆನಪಿರಲಿ!" ಮೊದಲ ಮನೆಯ ಮಗನಿಗೆ ಹಣದ ಬೆಲೆ ತಿಳಿಯುವುದಿಲ್ಲ, ಎರಡನೆಯ ಮನೆಯ ಮಗಳಿಗೆ ಊಟದ ತಟ್ಟೆಯೂ ಭಾರವಾಗುತ್ತದೆ. ಎರಡೂ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಮನೆಯ ನಿಜಸ್ಥಿತಿಯನ್ನು ನೆಟ್ಟಗೆ, ಸಮಾಧಾನದಿಂದ, ಮಕ್ಕಳ ಮುಂದೆ ಇಡುವ ಮಾತೊಂದೇ ಅಲ್ಲಿ ಇಲ್ಲದಿರುವುದು.

ಇದು ಭಿಕ್ಷೆಯಲ್ಲ, ಕರ್ತವ್ಯ

ಮೊದಲಿಗೆ ಧರ್ಮಸಭೆ ಏನು ಹೇಳುತ್ತದೆಂದು ನೋಡೋಣ. ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 12ನೇ ಅಧ್ಯಾಯದಲ್ಲಿ ಒಂದು ಮನೆಮಾತನ್ನು ಆಡುತ್ತಾರೆ: ಕೂಡಿಡುವುದು ಹೆತ್ತವರು ಮಕ್ಕಳಿಗಾಗಿಯೇ ಹೊರತು, ಮಕ್ಕಳು ಹೆತ್ತವರಿಗಾಗಿ ಅಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಕಾರ್ಮಿಕರ ಸ್ಥಿತಿಗತಿಯ ಕುರಿತು ಬರೆದ ಪ್ರಸಿದ್ಧ ಪರಿಪತ್ರದಲ್ಲಿ, ತಾನು ಹೆತ್ತ ಮಕ್ಕಳ ಜೀವನಕ್ಕೆ ಬೇಕಾದುದನ್ನು ಒದಗಿಸುವುದು ತಂದೆಗೆ ಪ್ರಕೃತಿಯೇ ವಿಧಿಸಿರುವ ಪವಿತ್ರ ನಿಯಮವೆಂದು ಬೋಧಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಕ್ರೈಸ್ತ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ ಹೆತ್ತವರನ್ನೇ ಮಕ್ಕಳ ಮೊದಲ ಮತ್ತು ಪ್ರಮುಖ ಶಿಕ್ಷಕರೆಂದು ಕರೆಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1136ನೇ ನಿಯಮ ಇದನ್ನು ಹೆತ್ತವರ ಅತಿ ಗುರುತರ ಕರ್ತವ್ಯವೆಂದೂ ಅವರ ಮೊದಲ ಹಕ್ಕೆಂದೂ ಹೇಳುತ್ತದೆ. ಮಕ್ಕಳ ಶರೀರ, ಸಮಾಜ, ಸಂಸ್ಕೃತಿ, ನೀತಿ ಮತ್ತು ಧರ್ಮ ಈ ಎಲ್ಲ ವಿಷಯಗಳಲ್ಲಿಯೂ ಅವರನ್ನು ಬೆಳೆಸುವ ಹೊಣೆ ಅದರಲ್ಲಿ ಸೇರಿದೆ.

ಆದ್ದರಿಂದ ಮಗುವಿನ ಓದಿಗೆ ಕೊಡುವ ಹಣ ನಾವು ಮಾಡುವ ಉಪಕಾರವಲ್ಲ. ಅದನ್ನು ಎತ್ತಿ ಆಡಬಾರದು, ಹಬ್ಬಕ್ಕೆ ಬಂದ ನೆಂಟರ ಮುಂದೆ ಪಟ್ಟಿ ಒಪ್ಪಿಸಬಾರದು. ಆದರೆ ಆ ನಿಯಮದ ಮಾತುಗಳನ್ನು ಇನ್ನೊಮ್ಮೆ ಗಮನಿಸಿ. ಶರೀರದ ಜೊತೆಗೆ ನೀತಿ ಮತ್ತು ಧರ್ಮವೂ ಅಲ್ಲಿದೆ. ಶುಲ್ಕ ಕಟ್ಟಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ತಿಳಿಯುವಂತಿಲ್ಲ. ಕೊಡುವ ರೀತಿಯಿಂದಲೂ ಮಗು ಕಲಿಯುತ್ತದೆ.

ಸಂತ ಅಗಸ್ಟೀನರ ತಂದೆ

ಹದಿನಾರು ಶತಮಾನಗಳ ಹಿಂದೆ ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಪತ್ರೀಸಿಯುಸ್ ಎಂಬ ಒಬ್ಬ ತಂದೆ ಇದ್ದನು. ಅವನು ಸಿರಿವಂತನಲ್ಲ. ಆದರೆ ಮಗ ಬಹಳ ಬುದ್ಧಿವಂತ. ಹತ್ತಿರದ ಮದೌರಾದಲ್ಲಿ ಓದಿದ ಮಗನನ್ನು ದೂರದ ಕಾರ್ಥೇಜ್ ನಗರಕ್ಕೆ ಕಳುಹಿಸಬೇಕೆಂಬ ಹಟ ತಂದೆಗೆ. ಕೈಯಲ್ಲಿ ಹಣವಿರಲಿಲ್ಲ. ಹಣ ಹೊಂದಿಸುವವರೆಗೆ ಹದಿನಾರರ ಆ ಹುಡುಗ ಒಂದು ವರ್ಷ ಮನೆಯಲ್ಲಿಯೇ ಕುಳಿತ. ಕೆಲಸವಿಲ್ಲದ ಆ ವರ್ಷದಲ್ಲಿಯೇ ಗೆಳೆಯರೊಡನೆ ರಾತ್ರಿ ಹೊತ್ತು ಪಕ್ಕದ ತೋಟದ ಪೇರು ಹಣ್ಣು ಕದ್ದನು. ಆ ಹುಡುಗನೇ ಮುಂದೆ ಸಂತ ಅಗಸ್ಟೀನರಾದರೆಂದು ತಮಗೆ ಗೊತ್ತಿದೆ.

ತಮ್ಮ 'ಪಾಪನಿವೇದನೆಗಳು' ಎಂಬ ಗ್ರಂಥದ ಎರಡನೆಯ ಭಾಗದಲ್ಲಿ ಅವರು ಈ ದಿನಗಳನ್ನು ನೆನೆಯುತ್ತಾರೆ. ತನ್ನ ಶಕ್ತಿ ಮೀರಿ ಮಗನ ಓದಿಗೆ ಖರ್ಚು ಮಾಡುತ್ತಿದ್ದ ತಂದೆಯನ್ನು ಊರೆಲ್ಲ ಹೊಗಳುತ್ತಿತ್ತಂತೆ. ಅವನಿಗಿಂತ ಎಷ್ಟೋ ಪಾಲು ಶ್ರೀಮಂತರಾದವರೂ ತಮ್ಮ ಮಕ್ಕಳಿಗೆ ಅಷ್ಟು ಮಾಡುತ್ತಿರಲಿಲ್ಲ. ಆದರೆ ಅದೇ ತಂದೆ, ಮಗ ದೇವರ ಮುಂದೆ ಹೇಗೆ ಬೆಳೆಯುತ್ತಿದ್ದಾನೆ, ಅವನ ನಡತೆ ಏನಾಗುತ್ತಿದೆ ಎಂದು ಒಮ್ಮೆಯೂ ಚಿಂತಿಸಲಿಲ್ಲವೆಂದು ಅಗಸ್ಟೀನರು ಬರೆಯುತ್ತಾರೆ. ಮಾತುಗಾರಿಕೆ ಚೆನ್ನಾಗಿ ಬಂದರೆ ಸಾಕಿತ್ತು! ಈ ಮಾತನ್ನು ಓದುವಾಗ ನಮ್ಮ ಎದೆ ಮುಟ್ಟಿಕೊಂಡು ನೋಡಬೇಕು. ನಮ್ಮ ಫೋನು ಮಾತುಗಳು ಹೇಗಿರುತ್ತವೆ? "ಫೀಸು ಕಟ್ಟಿದೆಯಾ? ಇಂಟರ್ನಲ್ಸ್ ಎಷ್ಟು ಬಂತು?" ಇಷ್ಟಕ್ಕೇ ಮುಗಿಯುತ್ತವೆಯೇ? "ಭಾನುವಾರದ ಬಲಿಪೂಜೆಗೆ ಹೋಗುತ್ತೀಯಾ? ಸ್ನೇಹಿತರು ಯಾರು? ರಾತ್ರಿ ನಿದ್ದೆ ಬರುತ್ತದಾ?" ಎಂದು ಕೇಳುವುದೂ ಉಂಟೇ?

ಅಗಸ್ಟೀನರಿಗೆ ಹದಿನೇಳು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. ಊರಿನ ಧನಿಕ ರೊಮಾನಿಯಾನುಸ್ ಎಂಬಾತ ನೆರವಾದನು. ತಾಯಿ ಸಂತ ಮೋನಿಕಮ್ಮನವರು ತಮ್ಮ ಹಣದಿಂದ ಮಗನ ಓದನ್ನು ಮುಂದುವರಿಸಿದರು. ಇಲ್ಲಿ ಒಂದು ಸಂಗತಿ ಇದೆ. ಮಗ ಮಣಿ ಎಂಬುವನ ತಪ್ಪು ಬೋಧನೆಗೆ ಮರುಳಾಗಿ ವಿಶ್ವಾಸವನ್ನು ಹಳಿಯತೊಡಗಿದಾಗ, ಮೋನಿಕಮ್ಮನವರು ಅವನೊಡನೆ ಒಂದೇ ಮನೆಯಲ್ಲಿರುವುದಕ್ಕೂ ಒಂದೇ ಮೇಜಿನಲ್ಲಿ ಉಣ್ಣುವುದಕ್ಕೂ ಒಪ್ಪಲಿಲ್ಲ. ಆಮೇಲೆ ಒಂದು ಕನಸಿನಲ್ಲಿ ಸಮಾಧಾನ ಪಡೆದು, ಮತ್ತೆ ಅವನನ್ನು ಊಟಕ್ಕೆ ಸೇರಿಸಿಕೊಂಡರು. ಮಗ ಮಾಡಿದ್ದು ತಪ್ಪೆಂದು ಅವರು ಹೇಳದೆ ಬಿಡಲಿಲ್ಲ. ಬಾಗಿಲನ್ನು ಕೊನೆಯವರೆಗೂ ಮುಚ್ಚಿಡಲಿಲ್ಲ. ಮುಂದೆ 387ರ ಪಾಸ್ಖ ಹಬ್ಬದಲ್ಲಿ ಆ ಮಗ ಮಿಲಾನಿನಲ್ಲಿ ಸಂತ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದಾಗ ತಾಯಿಯ ಕಣ್ಣೀರಿಗೆ ಉತ್ತರ ದೊರೆಯಿತು.

ತೋಬಿತನು ಮಗನಿಗೆ ಹೇಳಿದ್ದು

ನಮ್ಮ ಬೈಬಲಿನ ತೋಬಿತನ ಗ್ರಂಥವನ್ನು ಮದುವೆಯ ಪೂಜೆಯಲ್ಲಿ ಕೇಳಿರುತ್ತೇವೆ. ಮಕ್ಕಳನ್ನು ದೂರದೂರಿಗೆ ಕಳುಹಿಸುವ ತಂದೆತಾಯಿ ಅದರ ನಾಲ್ಕು ಮತ್ತು ಐದನೆಯ ಅಧ್ಯಾಯಗಳನ್ನು ಒಮ್ಮೆ ಕುಳಿತು ಓದಬೇಕು.

ತೋಬಿತನು ಒಮ್ಮೆ ಅನುಕೂಲಸ್ಥ. ಈಗ ಕುರುಡನಾಗಿ, ಬಡವನಾಗಿದ್ದಾನೆ. ಹೆಂಡತಿ ಅನ್ನಾ ಕೂಲಿಗೆ ನೇಯ್ದು ಮನೆ ನಡೆಸಿದವಳು. ಒಬ್ಬನೇ ಮಗ ತೋಬಿಯನನ್ನು ಮೇದ್ಯ ದೇಶಕ್ಕೆ ಕಳುಹಿಸುವ ಮುನ್ನ ತಂದೆ ಅವನನ್ನು ಹತ್ತಿರ ಕರೆದು ಕೂರಿಸಿಕೊಳ್ಳುತ್ತಾನೆ. ತಾಯಿಯನ್ನು ಗೌರವಿಸು, ಕೂಲಿಯವನ ಕೂಲಿ ಇಟ್ಟುಕೊಳ್ಳಬೇಡ, ಬಡವನಿಂದ ಮುಖ ತಿರುಗಿಸಬೇಡ ಎಂದು ಬುದ್ಧಿ ಹೇಳುತ್ತಾನೆ. ದಾನದ ಅಳತೆಯನ್ನೂ ಹೇಳಿಕೊಡುತ್ತಾನೆ: ಹೆಚ್ಚಿದ್ದರೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ, ಆದರೆ ಕೊಡಲು ಹೆದರಬೇಡ. ಕೊನೆಗೆ ಮನೆಯ ಲೆಕ್ಕವನ್ನು ಬಿಚ್ಚಿಡುತ್ತಾನೆ. ಗಬಾಯೇಲನ ಬಳಿ ಹತ್ತು ತಲಾಂತು ಬೆಳ್ಳಿ ಇಟ್ಟಿದ್ದೇನೆ, ಅದರ ಪತ್ರ ಇಲ್ಲಿದೆ ಎನ್ನುತ್ತಾನೆ. ನಾವು ಬಡವರಾಗಿದ್ದೇವೆ ನಿಜ, ಅದಕ್ಕಾಗಿ ಭಯಪಡಬೇಡ, ದೇವರಿಗೆ ಅಂಜಿ ನಡೆದರೆ ನಿನಗಿರುವ ಸಂಪತ್ತು ದೊಡ್ಡದು ಎಂದು ಧೈರ್ಯ ತುಂಬುತ್ತಾನೆ.

ಎಂಥ ತಂದೆ, ನೋಡಿ! ಬಡತನವನ್ನು ಮಗನಿಂದ ಬಚ್ಚಿಡಲಿಲ್ಲ. ಅದನ್ನು ಮಗನ ತಲೆಯ ಮೇಲೆ ಹೇರಿ ಅಳಿಸಲೂ ಇಲ್ಲ. ಮಗನ ಪ್ರಯಾಣಕ್ಕೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಿದಾಗಲೂ ಎಲ್ಲರ ಎದುರು ಕರಾರಾಯಿತು: ದಿನಕ್ಕೆ ಒಂದು ದ್ರಾಖ್ಮ ಕೂಲಿ, ದಾರಿ ಖರ್ಚು ಬೇರೆ, ಸುಖವಾಗಿ ಮರಳಿದರೆ ಇನ್ನಷ್ಟು. ಆ ಜೊತೆಗಾರ ದೇವದೂತ ರಫಾಯೇಲನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ದೇವರ ದೂತನೂ ಈ ಮನೆಯ ಚಿಕ್ಕ ಲೆಕ್ಕದೊಳಗೆ ಬಂದು ನಿಂತನು. ಮನೆಯ ಲೆಕ್ಕ ದೇವರಿಗೆ ದೂರದ ವಿಷಯವಲ್ಲ.

ಮಗ ಹೊರಟ ಮೇಲೆ ತಾಯಿ ಅನ್ನಾ ಅತ್ತಳು. ಹಣ ಹೋದರೆ ಹೋಗಲಿ, ಅದು ನಮ್ಮ ಮಗುವಿಗೆ ಸಮವೇ ಎಂಬುದು ಅವಳ ಅಳಲಿನ ಅರ್ಥ. ತಂದೆಯ ಲೆಕ್ಕವೂ ತಾಯಿಯ ಈ ಮಾತೂ ಎರಡೂ ದೇವರ ವಾಕ್ಯದಲ್ಲಿ ಬರೆದಿಡಲ್ಪಟ್ಟಿವೆ. ಎರಡೂ ನಮಗೆ ಬೇಕು.

ನಾಲ್ಕು ಅಳತೆಗಳು

ಹಾಗಾದರೆ ಎಷ್ಟು ಕೊಡಬೇಕು? ರೂಪಾಯಿ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಸರ್ಕಾರಿ ನೌಕರರ ಮನೆಗೂ ಕಾಫಿ ತೋಟದ ಕಾರ್ಮಿಕರ ಮನೆಗೂ ಉತ್ತರ ಬೇರೆ. ಆದರೆ ಅಳತೆಗಳು ಎಲ್ಲರಿಗೂ ಒಂದೇ.

ಮೊದಲನೆಯದು, ಅಗತ್ಯ. ಶುಲ್ಕ, ವಸತಿ, ಹೊಟ್ಟೆ ತುಂಬ ಊಟ, ಪುಸ್ತಕ, ಓಡಾಟ, ಕಾಯಿಲೆಯಾದರೆ ಔಷಧಿ, ರಜೆಗೆ ಊರಿಗೆ ಬಂದುಹೋಗುವ ಖರ್ಚು, ಜೊತೆಗೆ ಸ್ನೇಹಿತರೊಡನೆ ಒಂದು ಲೋಟ ಟೀ ಕುಡಿಯುವಷ್ಟು ಕೈಖರ್ಚು. ನಮ್ಮ ಕೈಲಾಗುವಷ್ಟು ಮಟ್ಟಿಗೆ ಇದನ್ನು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕೊಡಬೇಕು. ಮೆಸ್ಸಿನ ಹಣ ತಡವಾಗಿ, ರಾತ್ರಿ ಊಟ ಬಿಟ್ಟು ಮಲಗುವ ಮಕ್ಕಳಿದ್ದಾರೆ. ನಾಚಿಕೆಯಿಂದ ಮನೆಗೆ ಹೇಳುವುದಿಲ್ಲ. ಹೊಸ ಫೋನು, ಬೈಕು, ಸಹಪಾಠಿಗಳ ಸರಿಸಮ ಕಾಣುವ ಬಟ್ಟೆ ಇವು ಅಗತ್ಯದ ಪಟ್ಟಿಗೆ ಸೇರುವುದಿಲ್ಲ. ಕುಟುಂಬದ ಕುರಿತು 1981ರಲ್ಲಿ ಬರೆದ ಪ್ರೇಷಿತ ಪತ್ರದಲ್ಲಿ ಸಂತ ಎರಡನೆಯ ಜಾನ್ ಪೌಲರು, ಸರಳ ಜೀವನದ ಮೂಲಕ ಮಕ್ಕಳಿಗೆ ವಸ್ತುಗಳ ಮೋಹದಿಂದ ಬಿಡುಗಡೆ ಕಲಿಸಬೇಕೆಂದು ಹೆತ್ತವರಿಗೆ ಹೇಳಿದರು. ಅದನ್ನು ಕಲಿಸಲು ಕಾಲೇಜಿನ ದಿನಗಳಿಗಿಂತ ಒಳ್ಳೆಯ ಕಾಲ ಯಾವುದು?

ಎರಡನೆಯದು, ಮನೆಯ ಶಕ್ತಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಯೇಸು ಕೇಳಿದರು (ಲೂಕ 14ನೇ ಅಧ್ಯಾಯ). ಅವರು ಶಿಷ್ಯರಾಗುವುದರ ಬಗ್ಗೆ ಹೇಳಿದ ಸಾಮತಿಯಾದರೂ, ಕುಳಿತು ಲೆಕ್ಕ ಹಾಕುವ ವಿವೇಕವನ್ನು ಅವರು ಮೆಚ್ಚಿದ್ದು ನಿಜ. ಒಂದು ವರ್ಷದ ಶುಲ್ಕ ನೋಡಿ ಸೀಟು ಹಿಡಿಯಬೇಡಿ. ಮೂರು ಅಥವಾ ನಾಲ್ಕು ವರ್ಷಗಳ ಒಟ್ಟು ಖರ್ಚನ್ನು ಬರೆದು ನೋಡಿ. ಸರ್ಕಾರಿ ಕೋಟಾದ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಇರುವ ಅಂತರವನ್ನು ನಾಲ್ಕರಿಂದ ಗುಣಿಸಿ ನೋಡಿ. ನಮ್ಮ ಹಿರಿಯರು ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದದ್ದು ಸುಮ್ಮನೆ ಅಲ್ಲ.

ಸಾಲ ಮಾಡಲೇಬೇಕಾದರೆ ಯಾವ ಸಾಲ ಎಂಬುದನ್ನು ವಿಚಾರಿಸಿ. ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಯ ಕೈಸಾಲವೆಂದರೆ ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ ಬಡ್ಡಿ! ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ 4 ಲಕ್ಷ ರೂಪಾಯಿವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಆ ಅವಧಿಯಲ್ಲಿ ಬಡ್ಡಿ ಬೆಳೆಯುತ್ತಿರುತ್ತದೆಂಬುದನ್ನು ಮರೆಯಬಾರದು. ಉದಾಹರಣೆಗೆ ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಪಡೆದು, ನೂರಕ್ಕೆ ಹತ್ತರ ಸರಳ ಬಡ್ಡಿ ಎಂದುಕೊಂಡರೆ, ಐದನೆಯ ವರ್ಷದ ಕೊನೆಗೆ ಬಡ್ಡಿಯೇ 1,40,000 ರೂಪಾಯಿ ಆಗಿರುತ್ತದೆ. ಅಂದರೆ ಮಗಳು ತೀರಿಸಲು ಆರಂಭಿಸುವುದು 5,40,000ದಿಂದ. ಓದುವ ಕಾಲದಲ್ಲಿಯೇ ತಿಂಗಳ ಬಡ್ಡಿಯನ್ನಷ್ಟಾದರೂ ಹೆತ್ತವರು ಕಟ್ಟಿಕೊಂಡು ಬಂದರೆ ಅದೊಂದು ದೊಡ್ಡ ನೆರವು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ 'ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ' ಯೋಜನೆಯಲ್ಲಿ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ. ನಮ್ಮ ರಾಜ್ಯದ 'ಅರಿವು' ಸಾಲ ಯೋಜನೆ ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ಬಂದದ್ದು. ಅರ್ಜಿ ಹಾಕುವ ದಿನಾಂಕ ಕಳೆಯುವ ಮೊದಲೇ ವಿಚಾರಿಸಿ.

ಮೂರನೆಯದು, ಮನೆಯ ಇತರರ ಪಾಲು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಅಣ್ಣನ ಇಂಜಿನಿಯರಿಂಗಿಗಾಗಿ ತಂಗಿಯನ್ನು ಪಿಯುಸಿಗೇ ನಿಲ್ಲಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. "ಅವಳಿಗೆ ಹೇಗೂ ಮದುವೆ ಮಾಡಬೇಕಲ್ಲ" ಎನ್ನುತ್ತಾರೆ. ಜ್ಞಾನಸ್ನಾನದ ನೀರು ಗಂಡುಮಗುವಿಗೆ ಹೆಚ್ಚು, ಹೆಣ್ಣುಮಗುವಿಗೆ ಕಡಿಮೆ ಸುರಿದಿದ್ದೇವೆಯೇ? ಒಬ್ಬರಿಗೆ ಕೊಡುವಾಗ ಇನ್ನೊಬ್ಬರ ಸರದಿ ಬರುವುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಹಾಗೆಯೇ ಮನೆಯಲ್ಲಿ ವಯಸ್ಸಾದ ಅಜ್ಜಿ ಇದ್ದಾರೆ. ಹೆತ್ತವರಿಗೆ ಸಲ್ಲಬೇಕಾದುದನ್ನು ದೇವರಿಗೆ ಮೀಸಲೆಂದು ಹೇಳಿ ನುಣುಚಿಕೊಳ್ಳುತ್ತಿದ್ದವರನ್ನು ಪ್ರಭು ಯೇಸು ಗದರಿಸಿದರು (ಮಾರ್ಕ 7ನೇ ಅಧ್ಯಾಯ). ದೇವರ ಹೆಸರಿನಲ್ಲಿಯೇ ಅಜ್ಜಿಯ ಔಷಧಿಯ ಪಾಲನ್ನು ಕಸಿಯಬಾರದೆಂದ ಮೇಲೆ, ಮೊಮ್ಮಗನ ಕಾಲೇಜಿನ ಹೆಸರಿನಲ್ಲಿ ಕಸಿಯಬಹುದೇ?

ನಾಲ್ಕನೆಯದು, ತಮ್ಮ ನಾಳೆ. ಸಿರಾಖನ ಗ್ರಂಥದ 33ನೇ ಅಧ್ಯಾಯ ಬದುಕಿರುವಾಗಲೇ ಸ್ವತ್ತನ್ನೆಲ್ಲ ಇನ್ನೊಬ್ಬರ ವಶಕ್ಕೆ ಕೊಟ್ಟುಬಿಡಬೇಡ ಎನ್ನುತ್ತದೆ. ಮಕ್ಕಳು ನಿನ್ನನ್ನು ಕೇಳುವುದು ಲೇಸು, ನೀನು ಮಕ್ಕಳ ಕೈ ನೋಡುವುದು ಬೇಡ ಎಂದು ಎಚ್ಚರಿಸುತ್ತದೆ. ಇರುವ ಒಂದೇ ಮನೆಯನ್ನು, ಅನ್ನ ಕೊಡುವ ಒಂದೇ ಎಕರೆಯನ್ನು ಮಾರಿ ಓದಿಸಿದ ತಂದೆತಾಯಿ ಮುಂದೆ ಆ ಮಗನ ಮೇಲೆಯೇ ಭಾರವಾಗುತ್ತಾರೆ. ತಮ್ಮ ಮುಪ್ಪಿಗೆ ಒಂದಿಷ್ಟು ಇಟ್ಟುಕೊಳ್ಳುವುದು ಸ್ವಾರ್ಥವಲ್ಲ. ಅದೂ ಮಕ್ಕಳಿಗೆ ಮಾಡುವ ಒಂದು ಉಪಕಾರವೇ.

ಈ ನಾಲ್ಕನ್ನೂ ಅಳೆದು ನೋಡಿದಾಗ ಒಂದು ಮೊತ್ತ ಬರುತ್ತದೆ. ಅದು ಮಗು ಬಯಸಿದ ಕಾಲೇಜಿಗೆ ಸಾಲದೆ ಹೋಗಬಹುದು. ಆಗ ಇನ್ನೊಂದು ಕಾಲೇಜು, ಊರಿನಿಂದಲೇ ಓಡಾಡಬಹುದಾದ ಕಾಲೇಜು, ಅಥವಾ ಇನ್ನೊಂದು ಓದನ್ನು ಆರಿಸಿಕೊಳ್ಳಬೇಕಾಗುತ್ತದೆ. ಇದನ್ನು ಹೇಳುವಾಗ ನಾಚಿಕೊಳ್ಳಬೇಡಿ. "ನೋಡು ಮಗಳೇ, ಅಪ್ಪನ ದುಡಿಮೆ ಇಷ್ಟು. ತಮ್ಮನಿಗೆ ಇಷ್ಟು ಬೇಕು, ಅಜ್ಜಿಗೆ ಇಷ್ಟು ಬೇಕು. ನಿನಗೆ ಇಷ್ಟನ್ನು ತಪ್ಪದೆ ಕೊಡುತ್ತೇವೆ. ಉಳಿದದ್ದಕ್ಕೆ ಏನು ಮಾಡೋಣ, ನೀನೇ ಹೇಳು" ಎಂದು ಕೇಳಿ ನೋಡಿ. ಹದಿನೆಂಟು ವರ್ಷದ ಮಗುವಿಗೆ ಈ ಮಾತು ಅರ್ಥವಾಗುತ್ತದೆ. ನಮ್ಮ ಮಾತನ್ನು ನಂಬಿ ಹೊರೆ ಹೊರಲು ಅದು ಹೆಗಲು ಕೊಡುತ್ತದೆ.

ಹಣ ಹಗ್ಗವಾಗಬಾರದು

ಕೊಡುವವರಿಗೆ ಒಂದು ಶೋಧನೆ ಕಾದಿರುತ್ತದೆ. "ಹಣ ನಮ್ಮದು, ಆದ್ದರಿಂದ ನಾವು ಹೇಳಿದ್ದನ್ನೇ ಓದಬೇಕು, ನಾವು ಹೇಳಿದ ಕೆಲಸಕ್ಕೇ ಸೇರಬೇಕು." 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2230ನೇ ಕಂಡಿಕೆಯಲ್ಲಿ, ವಯಸ್ಸಿಗೆ ಬಂದ ಮಕ್ಕಳಿಗೆ ತಮ್ಮ ವೃತ್ತಿಯನ್ನೂ ಜೀವನಾವಸ್ಥೆಯನ್ನೂ ಆರಿಸಿಕೊಳ್ಳುವ ಹಕ್ಕಿದೆಯೆಂದು ಬೋಧಿಸುತ್ತದೆ. ಹೆತ್ತವರು ಬುದ್ಧಿ ಹೇಳಬೇಕು, ಒತ್ತಾಯ ಮಾಡಬಾರದು. ಓದು ಮುಗಿಸಿದ ಮಗಳು ದೇವರ ಕರೆಗೆ ಓಗೊಟ್ಟು ಕನ್ಯಾಮಠ ಸೇರುತ್ತೇನೆಂದಾಗ "ಇಷ್ಟು ಖರ್ಚು ಮಾಡಿದ್ದು ಇದಕ್ಕಾ?" ಎಂದು ಕೇಳಬೇಡಿ. ಸಂಬಳ ಕಡಿಮೆಯಾದರೂ ಶಿಕ್ಷಕನಾಗುತ್ತೇನೆಂದ ಮಗನಿಗೂ ಆ ಮಾತು ಬೇಡ.

ಹಾಗಾದರೆ ಕೊಟ್ಟ ಹಣವನ್ನು ದುರುಪಯೋಗ ಮಾಡಿದರೆ? ಶುಲ್ಕದ ಹಣ ಬೇರೆಡೆ ಹೋಯಿತು, ಕುಡಿತ ಅಂಟಿತು, ಆನ್‌ಲೈನ್ ಜೂಜಿಗೆ ಬಿದ್ದ ಎಂದು ತಿಳಿದರೆ? ದುಂದುಗಾರ ಮಗನ ತಂದೆಯನ್ನು ನೋಡಿ. ಮಗ ದೂರದೇಶದಲ್ಲಿ ಹಾಳುಮಾಡುತ್ತಿದ್ದಾಗ ಆ ತಂದೆ ಮತ್ತೆ ಮತ್ತೆ ಹಣದ ಚೀಲ ಕಳುಹಿಸಿದನೆಂದು ಲೂಕರ ಶುಭಸಂದೇಶ ಹೇಳುವುದಿಲ್ಲ. ಆದರೆ ಮಗ ದೂರದಲ್ಲಿ ಬರುತ್ತಿರುವಾಗಲೇ ತಂದೆ ಕಂಡನು, ಓಡಿದನು. ನಾವೂ ಹಾಗೆಯೇ ಮಾಡಬಹುದು. ಶುಲ್ಕವನ್ನು ನೇರವಾಗಿ ಕಾಲೇಜಿಗೆ, ಮೆಸ್ಸಿನದನ್ನು ನೇರವಾಗಿ ಮೆಸ್ಸಿಗೆ ಕಟ್ಟಿ. ಕೈಖರ್ಚನ್ನು ಕಡಿಮೆ ಮಾಡಿ. ವ್ಯಸನವಾಗಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಊಟದ ತಟ್ಟೆಯನ್ನೂ ಮನೆಯ ಬಾಗಿಲನ್ನೂ ಮುಚ್ಚಿಡಬೇಡಿ. ಇನ್ನು, ಒಂದು ವಿಷಯದಲ್ಲಿ ಫೇಲಾಗುವುದು ದುರುಪಯೋಗವಲ್ಲ. ಕಷ್ಟಪಟ್ಟು ಓದಿಯೂ ಸೋತ ಮಗುವಿಗೆ ಹಣದ ಲೆಕ್ಕ ಒಪ್ಪಿಸುವುದು ಕ್ರೈಸ್ತ ಮನೆಗೆ ತಕ್ಕದ್ದಲ್ಲ.

ಮನೆ ಬಿಟ್ಟು ಹೊರಡುವ ಮುನ್ನ ಪ್ರತಿ ಮಗುವಿಗೂ ಒಂದು ಮಾತು ಕೇಳಿಸಲೇಬೇಕು. ಅದು ತಾಯಿ ಅನ್ನಾಳ ಮಾತು. "ಫೇಲಾದರೂ, ಸಾಲ ಮಾಡಿಕೊಂಡರೂ, ಏನೇ ತಪ್ಪಾದರೂ ಮೊದಲು ನಮಗೆ ಹೇಳು. ನಿನ್ನ ಜೀವಕ್ಕಿಂತ ಯಾವ ಹಣವೂ ದೊಡ್ಡದಲ್ಲ." ಮೊಬೈಲ್ ಆ್ಯಪ್‌ಗಳಲ್ಲಿ ಸಾಲ ಮಾಡಿ, ಬೆದರಿಕೆಗೆ ಹೆದರಿ, ಮನೆಗೆ ಹೇಳಲಾಗದೆ ಕುಗ್ಗಿಹೋಗುವ ಮಕ್ಕಳ ಕಥೆ ನಾವು ಓದುತ್ತಲೇ ಇದ್ದೇವೆ. "ಅಪ್ಪನಿಗೆ ಹೇಳಬಹುದು" ಎಂಬ ಧೈರ್ಯ ಒಂದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಮನಸ್ಸು ಕುಸಿದಾಗ ಹಗಲಿರುಳು ಉಚಿತವಾಗಿ ಮಾತನಾಡಲು ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ 'ಟೆಲಿ ಮನಸ್' ಸಹಾಯವಾಣಿ ಇದೆ. ಅದರ ಸಂಖ್ಯೆ 14416. ಮಗುವಿನ ಫೋನಿನಲ್ಲಿ ಅದನ್ನು ಬರೆದುಕೊಡಿ.

ಮಕ್ಕಳಿಗೆ ಎರಡು ಮಾತು

ಪ್ರಿಯ ಮಕ್ಕಳೇ, ಈ ಪುಟವನ್ನು ನೀವೂ ಓದುತ್ತಿದ್ದರೆ ನಿಮಗೂ ಹೇಳುವುದಿದೆ. ನಿಮಗೆ ಬರುವ ಹಣ ಯಾರೋ ಬೆಳಗಿನ ಜಾವ ಎದ್ದು ಹಾಲು ಕರೆದದ್ದು, ಯಾರೋ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದ್ದು. ಅದಕ್ಕಾಗಿ ನೀವು ತಲೆ ತಗ್ಗಿಸಿ ನಡೆಯಬೇಕಾಗಿಲ್ಲ. ಓದುವುದೇ ಈಗ ನಿಮ್ಮ ಕೆಲಸ. ಅದನ್ನು ಪ್ರಾಮಾಣಿಕವಾಗಿ ಮಾಡಿ. ತಿಂಗಳಿಗೊಮ್ಮೆ ಖರ್ಚಿನ ಲೆಕ್ಕವನ್ನು ಕೇಳುವ ಮೊದಲೇ ಮನೆಗೆ ಹೇಳಿ. ರಜೆಯಲ್ಲಿ, ಓದಿಗೆ ತೊಂದರೆಯಾಗದಂತೆ, ಚಿಕ್ಕ ಮಕ್ಕಳಿಗೆ ಪಾಠ ಹೇಳಿಯೋ ಅಂಗಡಿಯಲ್ಲಿ ದುಡಿದೋ ನಾಲ್ಕು ಕಾಸು ಗಳಿಸುವುದು ಅವಮಾನವಲ್ಲ. ಪ್ರೇಷಿತರಾದ ಸಂತ ಪೌಲರೇ ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಿಂದ ದುಡಿದು ಉಂಡರು.

ಮತ್ತು ಪಡೆಯುವವರಷ್ಟೇ ಆಗಬೇಡಿ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯನ್ನು ಆರಂಭಿಸಿದ ಫ್ರೆಡರಿಕ್ ಓಜನಾಮ್ ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿ. ಜೊತೆಗಿದ್ದವರೂ ಹೆಚ್ಚಿನವರು ವಿದ್ಯಾರ್ಥಿಗಳೇ. ಬಡವರ ಮನೆಗಳಿಗೆ ಅವರೇ ಹೋಗಿ ನೆರವಾದರು. ಓಜನಾಮ್‌ರನ್ನು 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಪುನೀತ ಪದವಿಗೆ ಏರಿಸಿದರು. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಈ ಸಭೆ ಇದೆ. ಕಷ್ಟದಲ್ಲಿರುವ ಮನೆಯವರು ಅದರ ಸದಸ್ಯರನ್ನು ಕಾಣಲು ಸಂಕೋಚಪಡಬಾರದು. ಅನುಕೂಲವಿರುವವರು ಹುಟ್ಟುಹಬ್ಬದ, ಮನೆ ಹಬ್ಬದ ಖರ್ಚಿನಲ್ಲಿ ಒಂದು ಪಾಲನ್ನು ಇನ್ನೊಬ್ಬರ ಮಗುವಿನ ಪರೀಕ್ಷಾ ಶುಲ್ಕಕ್ಕೆ ಎತ್ತಿಡಬ‌ಹುದು. ಅಗಸ್ಟೀನರಿಗೊಬ್ಬ ರೊಮಾನಿಯಾನುಸ್ ಸಿಕ್ಕಂತೆ ನಮ್ಮ ಊರಿನ ಮಗುವಿಗೂ ಒಬ್ಬರು ಸಿಗಲಿ.

ಈ ವಾರ ಮನೆಯಲ್ಲಿ

ಒಂದು ಸಂಜೆ ಕುಟುಂಬ ಪ್ರಾರ್ಥನೆ, ಜಪಸರ ಮುಗಿದ ಮೇಲೆ ಟಿವಿಯನ್ನೂ ಫೋನನ್ನೂ ಬದಿಗಿಟ್ಟು ಎಲ್ಲರೂ ಕುಳಿತುಕೊಳ್ಳಿ. ತೋಬಿತನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ಓದಲು ಹೊರಟ ಮಗುವಿನಿಂದಲೇ ಓದಿಸಿ. ಆಮೇಲೆ ಒಂದು ನೋಟುಬುಕ್ಕು ತೆರೆಯಿರಿ. ಮನೆಗೆ ಬರುವುದು ಎಷ್ಟು, ಈಗಿರುವ ಸಾಲ ಎಷ್ಟು, ಓದಿಗೆ ಬೇಕಾದದ್ದು ಎಷ್ಟು, ಚಿಕ್ಕವರಿಗೆ ಎಷ್ಟು, ಹಿರಿಯರಿಗೆ ಎಷ್ಟು, ಬಡವರಿಗೆ ಎಷ್ಟು ಎಂದು ಮಗುವಿನ ಕೈಯಿಂದಲೇ ಬರೆಸಿ. ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಆಡುತ್ತಿದ್ದ ಮಾತನ್ನು ಪವಿತ್ರ ಹೃದಯದ ಪಟದ ಮುಂದೆ ಎಲ್ಲರೂ ಕೇಳುವಂತೆ ಆಡಿ. ಕಣ್ಣಲ್ಲಿ ನೀರು ಬಂದರೆ ಬರಲಿ. ಅಂದು ಆ ಮನೆಯಲ್ಲಿ ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ, ಮತ್ತು ಆ ಉತ್ತರ ಎಲ್ಲರದ್ದೂ ಆಗಿರುತ್ತದೆ.

ಪ್ರಾರ್ಥಿಸೋಣ: ಸ್ವರ್ಗೀಯ ತಂದೆಯೇ, ನಜರೇತಿನ ಮನೆಯಲ್ಲಿ ಸಂತ ಜೋಸೆಫರ ದುಡಿಮೆಯಿಂದ ನಿಮ್ಮ ಪುತ್ರನನ್ನು ಸಲಹಿದಿರಿ. ನಮ್ಮ ದುಡಿಮೆಯನ್ನೂ ಆಶೀರ್ವದಿಸಿರಿ. ಕೊಡುವಾಗ ನಮಗೆ ವಿವೇಕವನ್ನೂ, ಇಲ್ಲವೆನ್ನುವಾಗ ಮೃದುವಾದ ಮಾತನ್ನೂ ದಯಪಾಲಿಸಿರಿ. ಮನೆ ಬಿಟ್ಟು ದೂರ ಹೋಗುವ ನಮ್ಮ ಮಕ್ಕಳೊಡನೆ ತೋಬಿಯನ ಜೊತೆಗಿದ್ದ ದೂತ ರಫಾಯೇಲನು ನಡೆಯಲಿ. ಹೋದವರು ಸುಖವಾಗಿ ಮನೆಗೆ ಮರಳಲಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ. ಆಮೆನ್.